ನಾಲ್ಕು ಇಪ್ಪತ್ತು ಮತ್ತೆ ಏಳು

ವೆನೆರಾ ಟೀಚರ ಬೆರಳಿಗೊಂದು ದಪ್ಪ ಉಂಗುರವಿತ್ತು.
ತಪ್ಪಿದರೆ ಬೈಯುತ್ತಿರಲಿಲ್ಲ, ಹೊಡೆದವಳೂ ಅಲ್ಲ;
ಮೇಜಿನಂಚಿಗೆ ಉಂಗುರ ತಾಗಿಸಿ
ಟಕ್, ಟಕ್, ಟಕ್.
ಆಮೇಲೆ ಕಿಟಕಿಯಾಚೆ ನೋಡುವಳು.
ಅಲ್ಲಿ ಚಿಯಾತೂರಾದ ಮ್ಯಾಂಗನೀಸ್ ತೊಟ್ಟಿಗಳು
ತಂತಿ ಹಿಡಿದು ಗಣಿಯಿಂದ ಇಳಿಯುತ್ತಿದ್ದವು,
ಕರೆಂಟು ಹೋದರೆ ನಡುಗಾಳಿಯಲ್ಲೇ ನಿಂತು
ಅತ್ತಲೂ ಇಲ್ಲ, ಇತ್ತಲೂ ಇಲ್ಲ.
ಬೋರ್ಡಿನ ಮುಂದೆ ನಾನೂ ಹಾಗೇ.
ಅಂಗೈಯೊಳಗೆ ಸೀಮೆಸುಣ್ಣ
ನೆನೆದು ಹಿಟ್ಟಾಗುತ್ತಿತ್ತು.

ಈಗ ಅದೇ ಕೋಣೆ, ಅದೇ ಮೇಜು, ಟೀಚರು ನಾನು.
ಉಂಗುರ ಹಾಕುವುದಿಲ್ಲ, ಮದುವೆಯದನ್ನೂ.
ದನಿಗೆ ಜೇನು ಸವರಿಕೊಂಡೇ ಒಳಗೆ ಬರುತ್ತೇನೆ.
'ಪರವಾಗಿಲ್ಲ ಬಿಡು ತೆಕ್ಲೆ,
ಲೆಕ್ಕ ಎಲ್ಲರಿಗೂ ಹತ್ತುವುದಿಲ್ಲ,
ನಿನಗೆ ಚಿತ್ರ ಚೆನ್ನಾಗಿ ಬರುತ್ತದಲ್ಲ.'
ಒಳ್ಳೆಯ ಮಾತಾಡಿದೆನೆಂದುಕೊಂಡು
ಮನೆಗೆ ಹೋಗಿ ಸುಖವಾಗಿ ಮಲಗಿದ್ದೇನೆ.

ಮೊನ್ನೆ ಬಿಡುವಿನಲ್ಲಿ, ಮೆಟ್ಟಿಲ ಕೆಳಗೆ,
ತೆಕ್ಲೆ ಟೀಚರಾಟ ಆಡುತ್ತಿದ್ದಳು.
ಒಂದನೇ ಕ್ಲಾಸಿನ ಪುಟಾಣಿಗಳೆದುರು
ಪುಸ್ತಕ ತೆರೆದಳು.
ಭಿನ್ನರಾಶಿಯ ಪುಟ.
ತೆರೆದವಳೇ ಕಣ್ಣು ಮುಚ್ಚಿ, ಭುಜವೆತ್ತಿ,
ಉದ್ದಕ್ಕೆ ಒಂದು ಉಸಿರೆಳೆದು ಬಿಟ್ಟಳು:
'ಹೆದರಬೇಡಿ ಮಕ್ಕಳೇ.'
ಅಲ್ಲಿಯವರೆಗೆ ಯಾರೂ ಹೆದರಿರಲಿಲ್ಲ.
ಪಟ್ಟನೆ ಒಬ್ಬ ಕೈ ಹಿಂದಕ್ಕೆ ಅಡಗಿಸಿದ.

ಆ ಉಸಿರು ನನ್ನದು.
ಇಷ್ಟು ವರ್ಷ ಬಿಟ್ಟದ್ದು ನನಗೇ ಕೇಳಿಸಿರಲಿಲ್ಲ.

ಇವತ್ತು ಎಂಬತ್ತೇಳನ್ನು ನಾಲ್ಕರಿಂದ ಭಾಗಿಸಬೇಕು.
ತೆಕ್ಲೆ ಬೋರ್ಡಿಗೆ ಬಂದಳು.
ನಾನು ಕೊನೆಯ ಬೆಂಚಿನಲ್ಲಿ
ಕೈಗಳನ್ನು ತೊಡೆಯಡಿ ಒತ್ತಿ ಕೂತೆ.
ಬಾಯಿಗೆ ಬಂದಿತ್ತು 'ಬಿಡು ಪರವಾಗಿಲ್ಲ', ನುಂಗಿದೆ.
ಒಂದು ನಿಮಿಷವಾಯಿತು. ಹಿಂದೆ ಯಾರೋ ನಕ್ಕರು.
ಇನ್ನೊಂದು ನಿಮಿಷ.
ಅವಳು ತುಟಿಯಲ್ಲೇ ಆ ಸಂಖ್ಯೆಯ ಹೆಸರು ಹೇಳಿಕೊಂಡಳು,
ನಮ್ಮ ಮಾತಿನಲ್ಲಿ ಅದರ ಹೆಸರೇ
ನಾಲ್ಕು ಇಪ್ಪತ್ತು ಮತ್ತೆ ಏಳು,
ಅಜ್ಜಿಯರು ಅಕ್ರೋಟು ಎಣಿಸುವುದೂ ಹಾಗೇ.
ಮತ್ತೊಮ್ಮೆ ಹೇಳಿಕೊಂಡಳು, ನಿಧಾನ,
ಬೀಗಕ್ಕೆ ಕೀಲಿ ತಿರುಗಿಸುವವರ ಹಾಗೆ.
ಇಪ್ಪತ್ತು ಎಂದು ಬರೆದಳು.
ಅಳಿಸಿದಳು ಹೆಬ್ಬೆರಳಿನಿಂದ.
ಇಪ್ಪತ್ತೊಂದು.

ಬರೆದು ತಿರುಗಿದಳು.
ನೋಡಿದ್ದು ಬೋರ್ಡನ್ನಲ್ಲ, ನನ್ನ ಮುಖವನ್ನು.
ಅಲ್ಲಿ ಏನು ಬರೆದಿತ್ತೋ,
ಅಳಿಸಲು ನನಗೆ ಸಮಯವಿರಲಿಲ್ಲ.

'ಮೂರು ಉಳಿಯಿತು ಟೀಚರ್,' ಅಂದಳು,
'ಇದನ್ನೇನು ಮಾಡಲಿ?'