ಗಾಳಿ ಒತ್ತುವ ಕೆಲಸ

ಹದಿನಾಲ್ಕು ತಿಂಗಳು ಹುಡುಕಿದೆ.
ಹೊಸದರ ಬೆಲೆ ಕೇಳಿ ಫೋನು ಕೆಳಗಿಟ್ಟವಳು
ಹಳೆಯದರ ಬೆನ್ನು ಹತ್ತಿದೆ.
ಪೋರ್ತೋದಲ್ಲಿ ಒಂದಿತ್ತು, ದಂತವೈದ್ಯರದು,
ಅಂಗೈಯಗಲ, ಒಂದು ದವಡೆಗಷ್ಟೇ ಸಾಕು.
ಬ್ರಾಗಾದ್ದು ನೋಡಹೋದರೆ
ಮಾಲೀಕ ಅದರ ಒಲೆಯಡಿ ಕೋಳಿಮರಿ ಸಾಕಿದ್ದ.
ಮರಿಗಳೇನೋ ದುಂಡುದುಂಡಗಿದ್ದವು.

ಕೊನೆಗೆ ಮಾರಿನ್ಯಾ ಗ್ರಾಂಡಿನಲ್ಲಿ,
ಸುಟ್ಟ ಪೈನ್ ಕಾಡಿನ ಅಂಚಿಗೆ,
ಬಾಗಿಲು ಹಾಕಿದ ಕಾರ್ಖಾನೆ.
ಬಿಸ್ಕತ್ತಿನ ತಟ್ಟೆ ಮಾಡುತ್ತಿದ್ದರಂತೆ,
ಒಂದೊಂದು ಬಿಸ್ಕತ್ತಿಗೂ ಒಂದೊಂದು ಗುಳಿ.
ತಿಂದವರು ತಿಂದು
ಗುಳಿಗಳನ್ನು ಕಸಕ್ಕೆಸೆದರು
ನಲವತ್ತು ವರ್ಷ.

ಕುಸ್ತೋದಿಯು ಟಾರ್ಪಾಲು ಎಳೆದ.
ಹಸಿರು ಬಳಿದ ಕಬ್ಬಿಣ, ಒಂದು ಕಾಲಿಗೆ ಇಟ್ಟಿಗೆ,
ಮೇಲೆ ಒಲೆ, ನಡುವೆ ಚೌಕಟ್ಟು,
ಕೆಳಗೆ ಸೂಜಿಮೊನೆಯಷ್ಟೇ ತೂತುಗಳ ಹಲಗೆ.
"ಎರಡು ಹೀಟರು ಸತ್ತಿವೆ" ಅಂದ, ಮುಚ್ಚಿಡದೆ.
ಪಂಪಿನ ಮೇಲೆ ಮಾತ್ರ ಕೈಯಿಟ್ಟು,
"ಇದು ನನಗಿಂತ ಗಟ್ಟಿ."

"ಏನು ಮಾಡ್ತೀರಿ ಇದರಲ್ಲಿ?"
ಕೈಗಳು, ಅಂದೆ.
ಬಾಗಿಲು ತಟ್ಟಲು ನೇತುಬಿಟ್ಟ ಕಬ್ಬಿಣದ ಕೈಗಳು,
ಬೆರಳಲ್ಲಿ ಉಂಗುರ, ಹಿಡಿಯಲ್ಲಿ ಗುಂಡು.
ಕೋಯಿಂಬ್ರಾದ ನಮ್ಮ ಬೀದಿಯಲ್ಲಿ ಮೂವತ್ತೊಂದಿದ್ದವು,
ಈಗ ಹನ್ನೊಂದು.
ಉಳಿದ ಬಾಗಿಲುಗಳಿಗೆ ಅಂಕಿಯ ಗುಂಡಿಗಳು,
ನಾಲ್ಕು ರಾತ್ರಿ ಮಲಗಿ ಹೋಗುವವರಿಗೆ.
ಪ್ಲಾಸ್ಟರಿನಲ್ಲಿ ಅಚ್ಚು ತೆಗೆದಿಟ್ಟಿದ್ದೇನೆ,
ಗಾಜಿನಂಥ ಹಾಳೆಯಲ್ಲಿ ಬೇಕು ನನಗೆ,
ಟೊಳ್ಳಾಗಿ.

ಚೀಲದಿಂದ ಒಂದನ್ನೆತ್ತಿ
ಕುದುರೆಯ ಹಲ್ಲು ನೋಡುವವನ ಹಾಗೆ ತಿರುಗಿಸಿದ.
"ಬೆರಳ ಕೆಳಗೆ ಒಳಸರಿದಿದೆ.
ಪ್ಲಾಸ್ಟಿಕ್ಕು ಅಲ್ಲಿ ಹೊಕ್ಕರೆ ಅಚ್ಚು ಬಿಡೋದಿಲ್ಲ.
ಕೈ ಹಿಡಿದ ಮೇಲೆ ಬಿಡಿಸೋದು ಸುಲಭವೇ..."
ಆಮೇಲಿನದನ್ನು ತನಗೇ ಹೇಳಿಕೊಂಡ.
"ಸಂದಿಗೆ ಜೇಡಿ ತುಂಬಿ. ಇಳಿಜಾರು ಕೊಡಿ."

ಬದುಕಿದ್ದ ಹೀಟರುಗಳನ್ನೇ ಹಚ್ಚಿದ.
ಹಾಳೆ ಮೊದಲು ಬಿಗಿದುಕೊಂಡಿತು,
ಆಮೇಲೆ ಸುಕ್ಕಾಯಿತು,
ಆಮೇಲೆ ಎತ್ತಿನ ಗಂಗೆದೊಗಲಿನಂತೆ ಜೋತಿತು.
ಇಳಿಸಿದ. ಪಂಪು ಕೆಮ್ಮಿತು.
ಕಣ್ಣು ಮಿಟುಕಿಸುವಷ್ಟರಲ್ಲಿ
ಹನ್ನೆರಡು ಗುಳಿ.

ಎಂಥಾ ಎಳೆತ! ಅಂದೆ.
"ಯಂತ್ರ ಎಳೆಯೋದಿಲ್ಲ ಸೆನ್ಯೋರಾ.
ಕೆಳಗಿನ ಗಾಳಿಯನ್ನು ಆಚೆ ಕಳಿಸುತ್ತೆ, ಅಷ್ಟೆ.
ಒತ್ತೋದು ಮೇಲಿನ ಗಾಳಿ.
ನಿಮ್ಮ ತಲೆಯ ಮೇಲೂ ಇದೆ, ನನ್ನದರ ಮೇಲೂ ಇದೆ,
ಒಳಗೂ ಒಂದಿಷ್ಟು ಇರೋದರಿಂದ
ಗೊತ್ತಾಗೋದಿಲ್ಲ."

ನಾನು ಕೇಳದಿದ್ದರೂ
ಆ ತಟ್ಟೆಯನ್ನು ಮತ್ತೆ ಚೌಕಟ್ಟಿಗೆ ಕಚ್ಚಿಸಿ ಒಲೆಯಡಿ ದೂಡಿದ.
ಗುಳಿಗಳು ಒಂದೊಂದಾಗಿ ಎದ್ದವು,
ನಿದ್ದೆಯಿಂದ ಎದ್ದಂತೆ, ಮೂಲೆಯದು ಕೊನೆಗೆ,
ಅಲ್ಲಿ ಹೀಟರು ಸತ್ತಿತ್ತಲ್ಲ.
ಹಾಳೆ ಸಪಾಟು.
ಮರೆತೇಬಿಡ್ತಾ?
"ಎಲ್ಲಿಯ ಮರೆವು, ನೆನಪಾಯ್ತು" ಅಂದ.
ನಲವತ್ತು ವರ್ಷದ ಗುಳಿಗಳನ್ನು ಹಾಗೇ ಕಾಸಿದರೆ
ಎಂದು ಯೋಚಿಸುತ್ತ ನಾನು
ಚೌಕಾಸಿಯಲ್ಲಿ ಐವತ್ತು ಯೂರೋ ಸೋತೆ.

ಮೀನು ಮಾರುವ ಭಾವ ಅಬೀಲಿಯುವಿನ ವ್ಯಾನು.
ಮೂರು ಜನ ಹೊತ್ತೆವು. ನಾಲ್ಕನೆಯವನು, ಕುಸ್ತೋದಿಯು,
ಹೊರಲಿಲ್ಲ; ಬಾಗಿಲ ಬಳಿ ನಿಂತು
ಎಡಕ್ಕೆ, ಎಡಕ್ಕೆ ಎನ್ನುತ್ತಿದ್ದ,
ಬಲಕ್ಕೆ ಬರಬೇಕಾದಾಗಲೂ.
ಯಂತ್ರ ಈಗ ಬೂತಾಯಿ ನಾರುತ್ತದೆ.
ಇಟ್ಟಿಗೆ ಅಲ್ಲೇ ಉಳಿಯಿತು.

ಮನೆಯಲ್ಲಿ ನಿಲ್ಲಿಸಿ ಪ್ಲಗ್ಗು ಹುಡುಕಿದರೆ
ಮುಷ್ಟಿಗಾತ್ರ, ಐದು ಮೊನೆ.
ಮೂರು ಫೇಸು ಬೇಕಂತೆ ಮಹಾರಾಯನಿಗೆ.
ನನ್ನ ಗೋಡೆಯಲ್ಲಿ ಎರಡೇ ತೂತು.

ಕರೆಂಟಿನವರು ಚಳಿಗಾಲ ಕಳೆದ ಮೇಲೆ ಬರುತ್ತಾರೆ.
ಅಲ್ಲಿಯವರೆಗೆ ಹಲಗೆಯ ಮೇಲೆ
ಹತ್ತು ಬಿಳಿ ಕೈಗಳನ್ನಿಟ್ಟಿದ್ದೇನೆ,
ಬೆರಳ ಸಂದಿಗೆ ಜೇಡಿ ತುಂಬಿ.
ಮೇಲಿನ ಗಾಳಿ ತನ್ನ ಪಾಡಿಗೆ ಕೂತಿದೆ.

ಹನ್ನೊಂದನೆಯದು ನಮ್ಮ ಬಾಗಿಲಿನದು.
ಅದನ್ನಿನ್ನೂ ಬಿಚ್ಚಿಲ್ಲ.
ಕರೆಂಟಿನವರು ಬಂದರೆ ತಟ್ಟಬೇಕಲ್ಲ.