ಸ್ಟೆಪ್ನಿ ನೆಟ್ಟ ರಾತ್ರಿ

ಹನ್ನೊಂದೂ ಮುಕ್ಕಾಲಿಗೆ ಫೋನು:
ಹೆಸರಘಟ್ಟದ ಆಚೆ, ಕೆರೆಯಂಗಳ,
ಗಾಡಿ ಹೊಟ್ಟೆಯ ಮೇಲೆ ಕೂತಿದೆ.
ಯಾರದೋ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಪೀಣ್ಯದಲ್ಲಿ ಎರಡನೇ ಪಾಳಿ ಆಗಷ್ಟೇ ಮುಗಿದಿತ್ತು.
ಲೇತಿನ ಎಣ್ಣೆ ಇನ್ನೂ ಉಗುರಲ್ಲಿರುವಾಗಲೇ ಜೀಪು ತೆಗೆದೆ;
ಹರಾಜಿನಲ್ಲಿ ಕೊಂಡದ್ದು, ನನಗಿಂತ ಎರಡು ವರ್ಷ ಹಿರಿದು,
ಚಳಿಗಾಲದಲ್ಲಿ ಇಬ್ಬರೂ ಕೆಮ್ಮಿಯೇ ಏಳುವುದು.

ಜಾಲಹಳ್ಳಿ ಕ್ರಾಸಿನಲ್ಲಿ ಇಂತಿಯಾಜ್ ಹತ್ತಿದ,
ಗುಜರಿಯವನು, ತೊಡೆಯ ಮೇಲೆ ಸರಪಳಿ.
ಚಿಕ್ಕಬಾಣಾವರದ ಗೇಟಿನ ಹತ್ತಿರ ಡಾಕ್ಟರು ಸರಯೂ,
ಹಲ್ಲಿನ ಡಾಕ್ಟರು,
ಮೊಣಕಾಲುದ್ದದ ಬೂಟು, ಹಣೆಗೆ ಟಾರ್ಚು.
ಯಾರೂ ಜಾಸ್ತಿ ಮಾತಾಡಲಿಲ್ಲ.
ಫ್ಲಾಸ್ಕಿನ ಟೀ ಮೂರು ಕೈ ಸುತ್ತಿತು.

ಸಿಕ್ಕಿಬಿದ್ದವರನ್ನು ನೋಡಿ ನಗಬಾರದು, ಇದು ಮೊದಲ ಕಾನೂನು.
ದುಡ್ಡು ಮುಟ್ಟಬಾರದು, ಇದು ಎರಡನೆಯದು.
ಮೂರನೆಯದನ್ನು ಇಂತಿಯಾಜನ ಎಡಗೈಯೇ ಹೇಳುತ್ತದೆ:
ಎರಡು ಬೆರಳು ಕಮ್ಮಿ.
ಹಗ್ಗ ಹರಿದಾಗ ಹಾವಿಗಿಂತ ಬೇಗ.

ಕೆರೆಯೆಂದರೆ ಮೇಲೆ ಹಪ್ಪಳ, ಕೆಳಗೆ ಅಂಬಲಿ.
ನಡುವೆ ಒಬ್ಬ ಮುದುಕ, ಚಪ್ಪಲಿ ಕೈಯಲ್ಲಿ,
ಸೆಕೆಂಡ್‌ಹ್ಯಾಂಡ್ ಗಾಡಿಯ ಪಕ್ಕ
ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಹುಡುಗನಂತೆ.
ಹೆಸರು ಬೈಲಪ್ಪ.
"ಬಿಎಂಟಿಸೀಲಿ ಡ್ರೈವರು ಸ್ವಾಮಿ, ಮೂವತ್ತೆರಡು ವರ್ಷ.
ಮೆಜೆಸ್ಟಿಕ್ಕು, ಯಲಹಂಕ. ಯಲಹಂಕ, ಮೆಜೆಸ್ಟಿಕ್ಕು.
ಒಂದೇ ಒಂದು ಸಲ
ರಸ್ತೆ ಇಲ್ಲದ ಕಡೆ ಹೋಗಿ ನೋಡಾಣ ಅನ್ನಿಸ್ತು."
ಸ್ವಲ್ಪ ಸುಮ್ಮನಿದ್ದು,
"ಡ್ರೈವರು ಅಂದೆನಲ್ಲ, ಅದನ್ನ ಯಾರಿಗೂ ಹೇಳ್ಬೇಡಿ."

ಎಳೆಯಹೋದರೆ ನಾವೇ ಜಾರುತ್ತೇವೆ.
ಕಟ್ಟಿಕೊಳ್ಳೋಣವೆಂದರೆ ಕೆರೆಯಂಗಳದಲ್ಲಿ ಮರವೆಲ್ಲಿ?
ಅದಕ್ಕೇ ಜೀಪಿನ ಹಿಂದೆ ಗುಂಡಿ ತೋಡಿದೆವು, ಸೊಂಟದುದ್ದ,
ನನ್ನ ಸ್ಟೆಪ್ನಿಯನ್ನು ನಿಲ್ಲಿಸಿ ಹೂತು
ನಡುಗಣ್ಣಿಗೆ ಸರಪಳಿ ಪೋಣಿಸಿ
ಮಣ್ಣೆಳೆದು ತುಳಿದೆವು.
ಸಸಿ ನೆಟ್ಟವರ ಹಾಗೆ ಸುತ್ತ ನಿಂತು
ಒಂದು ಗಳಿಗೆ ನೋಡಿದೆವು ಕೂಡ.

ನಾಲ್ಕೂ ಚಕ್ರದ ಗಾಳಿ ಅರ್ಧ ಬಿಟ್ಟಾಯಿತು.
ಕತ್ತಲಲ್ಲಿ ನಾಲ್ಕು ನಿಟ್ಟುಸಿರು.
"ಹಲ್ಲೂ ಹೀಗೇ," ಅಂದರು ಸರಯೂ, ಸಲಿಕೆ ಆಡಿಸುತ್ತ,
"ಮೊದಲು ಅಲ್ಲಾಡಿಸಬೇಕು. ಆಮೇಲೆ ಕೀಳಬೇಕು."
ಬಿಗಿದ ಹಗ್ಗದ ಮೇಲೆ ಇಂತಿಯಾಜ್ ಕಂಬಳಿ ಹೊದಿಸಿದ,
ಮೂರು ಬೆರಳಿನಿಂದ, ಅಂಚು ಸರಿಮಾಡಿ,
ಮಲಗಿದವರಿಗೆ ಎಚ್ಚರವಾಗದಂತೆ.

ವಿಂಚು ನರಳಿತು. ಸ್ಟೆಪ್ನಿ ಗೇಣುದ್ದ ಅಲುಗಿ ನಿಂತಿತು.
ಈಗ ಬೈಲಪ್ಪ ಕ್ಲಚ್ಚು ಬಿಡಬೇಕು,
ಬಿಡುತ್ತಿಲ್ಲ.
"ಬಿಡಿ!" ಅಂದೆ. "ಬಿಡ್ರೀ!" ಅಂದ ಇಂತಿಯಾಜ್.
ಎಂಜಿನ್ನು ಓಡುತ್ತಿದೆ, ಗೇರು ಬಿದ್ದಿದೆ,
ಎರಡೂ ಕೈ ಸ್ಟೀರಿಂಗಿನ ಮೇಲೆ,
ಕಣ್ಣು ಎಲ್ಲೂ ಇಲ್ಲದ ಕನ್ನಡಿಯ ಮೇಲೆ.
ಏನೋ ಕಾಯುತ್ತಿದ್ದಾರೆ.

ಸರಯೂಗೆ ಹೇಗೆ ಹೊಳೆಯಿತೋ!
ಗಾಡಿಯ ಹಿಂಬದಿಗೆ ಅಂಗೈಯಿಂದ ಎರಡು ಸಲ ಬಡಿದು
ಕೆರೆಗೆಲ್ಲ ಕೇಳುವಂತೆ ಕೂಗಿದರು:
"ರೈಟ್! ರೈಟ್!"

ಗಾಡಿ ಎದ್ದುಬಂತು.
ಅಂಬಲಿಯ ಪಾತ್ರೆಯಿಂದ ಸೌಟು ಎತ್ತಿದಂತೆ
ಒಂದು ದೊಡ್ಡ ಲೊಚಗುಟ್ಟುವ ಸದ್ದು,
ಆಮೇಲೆ ಎಲ್ಲಿಂದಲೋ ಟಿಟ್ಟಿಭ.

ಬೈಲಪ್ಪ ಐನೂರರ ನೋಟು ಎಣಿಸತೊಡಗಿದರು,
ಬೇಡವೆಂದೆವು. ಮತ್ತೆ ಎಣಿಸಿದರು.
"ಹಂಗಾದ್ರೆ ಇನ್ನೇನು ಕೊಡ್ಲಿ?"
"ನಂಬರ್ ಕೊಡಿ," ಅಂದ ಇಂತಿಯಾಜ್,
"ರಾತ್ರಿ ಎತ್ತುತ್ತೀರಿ ತಾನೆ?"

ಸ್ಟೆಪ್ನಿ ಅಗೆದು ತೆಗೆದು ಗುಂಡಿ ಮುಚ್ಚಿದೆವು,
ಚಕ್ರ ಸೀಳಿದ ಜಾಡನ್ನೂ ತುಳಿದು ಸಮ ಮಾಡಿದೆವು:
ಬೆಳಗ್ಗೆ ಮೇಯಲು ಬರುವ ದನದ ಕಾಲು ಮುರಿದೀತು.
ತೆಗೆದ ಮಣ್ಣೇ ಆದರೂ ಹಾಕುವಾಗ ಸಾಲದು, ಯಾಕೋ.

ಗೊರಗುಂಟೆಪಾಳ್ಯದ ಸಿಗ್ನಲ್ಲಿಗೆ ಬೆಳಕಾಗಿತ್ತು.
ಮುಂದೆ ಒಂದು ಆಟೋ ಕೆಟ್ಟು ನಿಂತಿತ್ತು,
ಹಾರ್ನುಗಳ ನಡುವೆ ಡ್ರೈವರು ತಲೆ ಬಗ್ಗಿಸಿ ಕೂತಿದ್ದ.
ಹಿಂದಿನಿಂದ ಇನ್ನೊಂದು ಆಟೋ ಬಂತು,
ಅವನು ಇಳಿಯಲಿಲ್ಲ, ಏನೂ ಕೇಳಲಿಲ್ಲ,
ಎಡಗಾಲು ಹೊರಗೆ ಚಾಚಿ
ಹವಾಯಿ ಚಪ್ಪಲಿಯ ಅಂಗಾಲನ್ನು ಅದರ ಬೆನ್ನಿಗೆ ಊರಿ
ತಳ್ಳಿಕೊಂಡೇ ಹೋದ,
ಫ್ಲೈಓವರಿನ ನೆರಳಿನುದ್ದಕ್ಕೂ.