ಸದ್ದಿಲ್ಲದ ಅಕ್ಷರ

ನನ್ನ ಹೆಸರಿನ ಮೊದಲಿಗೊಂದು ಅಕ್ಷರವಿದೆ,
ಬರೆಯುತ್ತಾರೆ, ಉಚ್ಚರಿಸುವುದಿಲ್ಲ.
ಎರಡು ಗೂಟ, ನಡುವೆ ಒಂದು ಅಡ್ಡಪಟ್ಟಿ.
ಸದ್ದೇ ಇಲ್ಲದ ಮೇಲೆ ಇದೇಕೆ ಎಂದು
ಶಾಲೆಯಲ್ಲಿ ಕೇಳಿದ್ದೆ.
ಸಿಸ್ಟರ್ ಬೆತ್ತ ತೋರಿಸಿದರು. ಅದಕ್ಕೆ ಸದ್ದಿತ್ತು.
ಕರೆಯುವವರಿಗೆಲ್ಲ ನಾನು ಎರ್ಮಿಂದಾ.
ಹ್ಯಾಂಬರ್ಗಿಗೆ ದುಡಿಯಲು ಹೋದ ತಂಗಿ ಮಾತ್ರ
ಒಮ್ಮೆ ಬರೆದಿದ್ದಳು:
ಇಲ್ಲಿ ನಿನ್ನನ್ನು ಉಸಿರು ಬಿಟ್ಟು ಕರೆಯುತ್ತಾರೆ ಕಣೇ.

ನಲವತ್ತೊಂದು ವರ್ಷ
ಅರೋಸಾದ ಅಳಿವೆಯಲ್ಲಿ ನೀರಿಳಿದ ಕೆಸರಿಗೆ ಬಗ್ಗಿದವಳು ನಾನು.
ಕುಂಟೆ ಎಳೆ, ಮರುವಾಯಿ ಹೆಕ್ಕು, ಬಕೆಟ್ಟು ತುಂಬು,
ಸಣ್ಣದನ್ನು ವಾಪಸು ಎಸೆ.
ಬೆನ್ನು ನೆಟ್ಟಗಾದದ್ದು
ಸಾಂತಿಯಾಗೊದ ಆಸ್ಪತ್ರೆಯ ಮೇಜಿನ ಮೇಲೆ:
ಕೆಳಬೆನ್ನಿನ ನಾಲ್ಕು ಮಣಿ, ಎರಡು ಸರಳು, ಹತ್ತು ಸ್ಕ್ರೂ,
ಎಲ್ಲವನ್ನೂ ತಳದ ಎಲುಬಿಗೆ ಕಚ್ಚಿಸಿ ಬಿಗಿ.
ಕಾಲಿಗಿಳಿಯುತ್ತಿದ್ದ ಬೆಂಕಿ ಮೂರನೇ ದಿನಕ್ಕೆ ಆರಿತು.
ಡಾಕ್ಟರ್ ಔತೈರಲ್‌ಗೆ ಒಂದು ಬುಟ್ಟಿ ಮರುವಾಯಿ ಕಳಿಸಿದೆ.
ದೊಡ್ಡವನ್ನೇ ಆರಿಸಿ.

ಐದನೇ ವಾರ, ಬ್ರೆಡ್ಡಿನಂಗಡಿಯ ಮೆಟ್ಟಿಲು.
ಬೀಳಲಿಲ್ಲ, ಜಾರಲಿಲ್ಲ.
ಕುಂಡೆಯೊಳಗೆ ಯಾರೋ ಹೊಸಬರು ಬಂದು ಕೂತರು.
ಹಳೆಯ ನೋವಲ್ಲ ಡಾಕ್ಟರೇ,
ಹಳೆಯದರ ಮುಖ ನನಗೆ ಗೊತ್ತು.
ಎಕ್ಸ್-ರೇ ತೆಗೆದರು. ಸ್ಕ್ರೂ ಭದ್ರ, ಸರಳು ಭದ್ರ.
ನಡೆಯಿರಿ ಸೆನ್ಯೋರಾ, ನಡೆದಷ್ಟೂ ಒಳ್ಳೆಯದು.
ನಡೆದೆ.
ಕೂತರೆ ಕೆಂಡ, ನಿಂತರೆ ಕಲ್ಲು,
ಮಲಗಿ ಮಗ್ಗುಲಾದರೆ ನಕ್ಷತ್ರ.
ವಯಸ್ಸು ಅಂದ ಔಷಧಿಯಂಗಡಿಯವ.
ಮನಸ್ಸು ಅಂದಳು ಸೊಸೆ, ಮೆಲ್ಲಗೆ, ಅಡುಗೆಮನೆಯಿಂದ.
ಕಿವಿಗೆ ಆಪರೇಷನ್ ಆಗಿರಲಿಲ್ಲ ನನಗೆ.

ಅಪ್ಪ ದೋಣಿ ರಿಪೇರಿಯವ.
ಹಳೆ ಹಲಗೆಗೆ ಹೊಸ ಮೊಳೆ ಹೊಡೆಯುವ ಮುಂಚೆ
ಸುತ್ತಲ ಮರವನ್ನು ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ನೋಡುತ್ತಿದ್ದ.
ಮೊಳೆ ಮುರಿಯುವುದಿಲ್ಲ, ಪಕ್ಕದ ಮರ ಸೀಳುತ್ತದೆ.
ಅಲೆ ತನ್ನ ಬಾಕಿಯನ್ನು ಬಿಗಿದಲ್ಲಿ ಕೇಳುವುದಿಲ್ಲ,
ಬಿಗಿಯದಲ್ಲಿ ಹೋಗಿ ಕೇಳುತ್ತದೆ, ಎನ್ನುತ್ತಿದ್ದ.
ನಾಲ್ಕು ಮಣಿ ಒಂದೇ ಕೋಲಾದ ಮೇಲೆ
ಬಗ್ಗುವ ಪಾಲು, ತಿರುಗುವ ಪಾಲು, ಬಕೆಟ್ಟಿನ ಪಾಲು
ಎಲ್ಲ ಬಂದದ್ದು ಆ ತಳದ ಒಂಟಿ ಎಲುಬಿಗೆ.
ಅದೋ ಅರವತ್ತೆಂಟರದು,
ವಾರದ ಹಿಂದಿನ ಬ್ರೆಡ್ಡಿನಂತೆ ತೂತುತೂತು.
ನಮ್ಮಲ್ಲಿ ಅದರ ಹೆಸರು ಪವಿತ್ರ ಎಂದು.
ಯಾಕೆ ಪವಿತ್ರವೋ ಪಾದ್ರಿಗೂ ಗೊತ್ತಿಲ್ಲ,
ಭಾನುವಾರ ಬೆಂಚಿನ ಮೇಲೆ ಕೂರುವುದೇ ಅದರ ಮೇಲೆ.

ಹನ್ನೊಂದನೇ ವಾರ ಔತೈರಲ್ ರಜೆಯಲ್ಲಿದ್ದರು.
ಬದಲಿಗೆ ಬಂದ ಹುಡುಗಿ, ಸಬೇಲಾ,
ಫೈಲು ಮುಚ್ಚಿ, ಕೈ ಬಿಸಿ ಮಾಡಿಕೊಂಡು,
ಹೆಬ್ಬೆಟ್ಟಿನಿಂದ ಒತ್ತಿದಳು.
ಕಾರಿಡಾರಿನವರೆಲ್ಲ ತಿರುಗುವಂತೆ ಕೂಗಿದೆ.
ಇಲ್ಲಿ ಯಾರೂ ಒತ್ತಿ ನೋಡಲಿಲ್ಲವಾ?
ಅವಳ ದನಿ ನಡುಗಿತು, ನನ್ನದಲ್ಲ.

ರಕ್ತಕ್ಕೆ ಏನೋ ಸೇರಿಸಿ ಮೂರು ಗಂಟೆ ಕಾಯಿಸಿದರು.
ಆಮೇಲೆ ಪರದೆಯ ಮೇಲೆ ನಾನು: ಬೂದು ಪಕ್ಕೆಲುಬು, ಬೂದು ತೊಡೆ,
ಮತ್ತೆ ತಳದಲ್ಲಿ, ಉರಿಯುತ್ತ,
ಎಡಕ್ಕೊಂದು ಗೂಟ, ಬಲಕ್ಕೊಂದು ಗೂಟ,
ನಡುವೆ ಅಡ್ಡಪಟ್ಟಿ.
ಬಿರುಕು ಬಿಟ್ಟರೆ ಇದೇ ಅಕ್ಷರ ಬರುತ್ತದೆ ಅಂದಳು ಸಬೇಲಾ.
ನನಗೆ ನಗು ಬಂತು. ನಗುವುದೂ ನೋವು.
ಫೈಲಿನ ಮೇಲಿನ ನನ್ನ ಹೆಸರಿಗೆ ಬೆರಳಿಟ್ಟು ತೋರಿಸಿದೆ.
ಅವಳಿಗೆ ತಕ್ಷಣ ಹೊಳೆಯಲಿಲ್ಲ.

ಮತ್ತೆ ಕೊಯ್ಯುವುದು ಸದ್ಯಕ್ಕೆ ಬೇಡವಂತೆ, ಕಾಯಬೇಕಂತೆ.
ದಿನಕ್ಕೊಂದು ಚುಚ್ಚುಮದ್ದು, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ.
ಸೊಸೆಯೇ ಚುಚ್ಚುತ್ತಾಳೆ. ಕ್ಷಮೆ ಕೇಳಿಲ್ಲ,
ಕುರ್ಚಿಗೆ ಉಣ್ಣೆಯ ದಿಂಬು ಹೊಲಿದಿದ್ದಾಳೆ.
ಅದರ ಮೇಲೆ ಕೂರುವಾಗ ಬಾಯಿಂದ ತಾನೇ ಹೊರಡುತ್ತದೆ:
ಹ.
ತಂಗಿಗೆ ಬರೆಯಬೇಕು.

ಆರೂ ನಲವತ್ತಕ್ಕೆ ನೀರಿಳಿದಿದೆ.
ಕಿಟಕಿಯಾಚೆ ಕುಂಟೆ ಹೊತ್ತು ಸಾಗಿದ್ದಾರೆ ಹೆಂಗಸರು,
ಕೊನೆಯವಳು ನನ್ನ ಬೂಟು ಹಾಕಿಕೊಂಡಿದ್ದಾಳೆ,
ಅವಳಿಗೆ ಒಂದು ಅಳತೆ ದೊಡ್ಡದು.